ಸಣ್ಣ ಎಡಿಟಿಂಗ್ ರೂಮಿಗೆ ಯಾವ ಸ್ಪೀಕರ್ ತಗೊಳ್ಳಲಿ?

ಪ್ರಶ್ನೆ: ಡೊಂಬಿವಲಿಯಲ್ಲಿ ಹತ್ತು ಬೈ ಹತ್ತರ ಒಂದು ರೂಮು ಬಾಡಿಗೆಗೆ ಸಿಕ್ಕಿದೆ. ಮದುವೆ, ಉಪನಯನ, ಸಂಘದ ಕಾರ್ಯಕ್ರಮ, ಯಕ್ಷಗಾನ ಇವುಗಳ ವಿಡಿಯೋ ಎಡಿಟಿಂಗ್ ಮಾಡಬೇಕೆಂದಿದ್ದೇನೆ. ಕಂಪ್ಯೂಟರ್ ಆಯ್ತು. ಆಡಿಯೋಗೆ ಅಂತ ಒಂದು ಲಕ್ಷ ಎತ್ತಿಟ್ಟಿದ್ದೇನೆ. ಯಾವ ಸ್ಪೀಕರ್ ಒಳ್ಳೆಯದು? ಆಡಿಯೋಗೆ ಬೇರೆ ಸಾಫ್ಟ್‌ವೇರ್ ಬೇಕಾ?

ಉತ್ತರ: ಮುಂಬಯಿಯಲ್ಲಿ ಎಡಿಟಿಂಗ್ ಶುರು ಮಾಡುವ ನಮ್ಮ ಹುಡುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಸ್ಪೀಕರ್ ಈಗಲೇ ಬೇಡ ಅಂತ ನಾನು ಹೇಳುತ್ತೇನೆ. ಮೊದಲು ರೂಮು ಸರಿಮಾಡಿ. ಆಮೇಲೆ ಹೆಡ್‌ಫೋನ್. ಸ್ಪೀಕರ್ ಮೂರನೆಯದೋ ನಾಲ್ಕನೆಯದೋ ಆಗಲಿ.

ಯಾಕೆ ಅಂತ ಹೇಳುತ್ತೇನೆ. ನನ್ನ ಮೊದಲ ರೂಮು ಠಾಣೆಯಲ್ಲಿತ್ತು. ನೆಲಕ್ಕೆ ಟೈಲ್ಸ್, ನಾಲ್ಕೂ ಕಡೆ ಬರಿ ಗೋಡೆ, ಒಂದು ಕಿಟಕಿ. ಸಾಲ ಮಾಡಿ ದೊಡ್ಡ ಸ್ಪೀಕರ್ ಜೋಡಿ ತಂದಿದ್ದೆ. ಒಂದು ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ವಿಡಿಯೋ ಬಂತು. ರೂಮಿನಲ್ಲಿ ಮದ್ದಳೆ ಗುಂಯ್ ಅಂತ ತುಂಬಿಕೊಂಡು ಕೇಳುತ್ತಿತ್ತು, ಅರ್ಥಧಾರಿಗಳ ಮಾತು ಅದರಡಿ ಮುಳುಗುತ್ತಿತ್ತು. ಕೆಳಗಿನ ಸ್ವರಗಳ (ಬಾಸ್) ಸದ್ದನ್ನೆಲ್ಲ ಚೆನ್ನಾಗಿ ತಗ್ಗಿಸಿದೆ. ರೂಮಿನಲ್ಲಿ ಎಲ್ಲ ಸರಿಯಾಗಿ ಕೇಳಿಸಿತು. ವಾರದ ನಂತರ ಅದನ್ನು ಒಂದು ಸಭೆಯಲ್ಲಿ ಹಾಕಿದರು. ಮದ್ದಳೆ ತಗಡು ಬಡಿದ ಹಾಗಿತ್ತು. ಮಾತಿಗೆ ಎದೆಯೇ ಇರಲಿಲ್ಲ, ಮೂಗಿನಲ್ಲಿ ಮಾತಾಡಿದಂತಿತ್ತು. ಭಾಗವತರು ಪಕ್ಕಕ್ಕೆ ಬಂದು ಮೆಲ್ಲಗೆ, "ಮದ್ದಳೆ ಎಲ್ಲಿ ಹೋಯ್ತು ಮಾರಾಯ್ರೆ?" ಅಂತ ಕೇಳಿದರು. ಆ ಮಾತು ಇವತ್ತಿಗೂ ನೆನಪಿದೆ.

ಮದ್ದಳೆಯಲ್ಲೂ ತಪ್ಪಿರಲಿಲ್ಲ, ಸ್ಪೀಕರಿನಲ್ಲೂ ಇರಲಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತು ಅಡಿ ಅಂದರೆ ಹತ್ತಿರ ಹತ್ತಿರ ಮೂರು ಮೀಟರ್. 56 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 56 ಸಲ ಕಂಪಿಸುವ ಶಬ್ದದ ಅರ್ಧ ಅಲೆ ಎದುರುಬದುರು ಗೋಡೆಗಳ ನಡುವೆ ಸರಿಯಾಗಿ ಕೂರುತ್ತದೆ. ಅದರ ದುಪ್ಪಟ್ಟು, 112 ಹರ್ಟ್ಸ್‌ನದ್ದೂ ಹಾಗೆಯೇ. ಇಂಥ ಸ್ವರಗಳು ಗೋಡೆಯ ಹತ್ತಿರ ಉಬ್ಬುತ್ತವೆ. ರೂಮಿನ ನಟ್ಟನಡುವೆ ಕೂತರೆ 56 ಮಾಯವಾಗುತ್ತದೆ, 112 ಉಬ್ಬುತ್ತದೆ. ನಿಮ್ಮದು ಚೌಕದ ರೂಮು. ಉದ್ದಕ್ಕೂ ಅಗಲಕ್ಕೂ ಅದೇ ಲೆಕ್ಕ ಬರುವುದರಿಂದ ತೊಂದರೆ ಇನ್ನೂ ಜಾಸ್ತಿ. ಗಂಡಸರ ಮಾತಿನ ದನಿಯ ತಳ ಸುಮಾರು 85ರಿಂದ 155 ಹರ್ಟ್ಸ್ ಒಳಗಿರುತ್ತದೆ. ಅಂದರೆ ನೀವು ದಿನವೂ ಸರಿಮಾಡಬೇಕಾದ ಮಾತಿನ ಬಗ್ಗೆಯೇ ರೂಮು ನಿಮಗೆ ಸುಳ್ಳು ಹೇಳುತ್ತಿರುತ್ತದೆ. ಸ್ಪೀಕರ್ ಎಷ್ಟು ದುಬಾರಿಯದಾದರೂ ಈ ಸುಳ್ಳು ತಪ್ಪುವುದಿಲ್ಲ.

ಖಾಲಿ ರೂಮಿನಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. "ಟಪ್" ಅಂದ ಮೇಲೆ "ಝ್ರಿಂಯ್" ಅಂತ ಒಂದು ಬಾಲ ಕೇಳುತ್ತದೆ. ಈಗ ಮನೆಯಿಂದ ಎರಡು ದಪ್ಪ ರಜಾಯಿ ತಂದು ಎಡಬಲದ ಗೋಡೆಗೆ ತೂಗುಹಾಕಿ, ಮತ್ತೆ ಹೊಡೆಯಿರಿ. ಬಾಲ ಮೊಟಕಾಗಿರುತ್ತದೆ. ಗೋಡೆಗೆ ಹಾಕುವ ಪ್ಯಾನೆಲ್ ಮಾಡುವ ಕೆಲಸವೂ ಇದೇ. ಇನ್ಸುಲೇಷನ್ ಸಾಮಾನು ಮಾರುವ ಅಂಗಡಿಯಲ್ಲಿ 50 ಮಿಲಿಮೀಟರ್ ದಪ್ಪದ, 48 ಕೆಜಿ ಡೆನ್ಸಿಟಿಯ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಕೇಳಿ. ಬಡಗಿಯಿಂದ ನಾಲ್ಕು ಬೈ ಎರಡು ಅಡಿಯ ಮರದ ಚೌಕಟ್ಟು ಮಾಡಿಸಿ, ಒಳಗೆ ಎರಡು ಪದರ ಕೂರಿಸಿ. ಗಾಳಿಯಾಡುವ ಬಟ್ಟೆಯಿಂದ ಪೂರ್ತಿ ಸುತ್ತಿ. ಬಟ್ಟೆಗೆ ಬಾಯಿ ಇಟ್ಟು ಊದಿದರೆ ಉಸಿರು ಆಚೆ ಹೋಗಬೇಕು. ರಾಕ್‌ವೂಲ್ ಮುಟ್ಟುವಾಗ ಗ್ಲೌಸ್, ಮಾಸ್ಕ್ ಹಾಕಿ, ಮೈಯೆಲ್ಲ ತುರಿಸುತ್ತದೆ. ನೀವು ಕೂರುವ ಜಾಗದ ಎಡಕ್ಕೊಂದು, ಬಲಕ್ಕೊಂದು, ಕಿವಿಯ ಮಟ್ಟಕ್ಕೆ ಬರಲಿ. ಹಿಂದಿನ ಗೋಡೆಗೆ ಎರಡು. ಮೂಲೆಗಳಲ್ಲಿ ಇನ್ನೂ ದಪ್ಪ ಇದ್ದಷ್ಟೂ ಒಳ್ಳೆಯದು, ಕೆಳಗಿನ ಸ್ವರ ಶೇಖರವಾಗುವುದು ಅಲ್ಲೇ. ಮೇಜನ್ನು ಹೇಗಿಡಬೇಕೆಂದರೆ, ನಿಮ್ಮ ತಲೆ ಎದುರಿನ ಗೋಡೆಯಿಂದ ಸುಮಾರು ನಾಲ್ಕು ಅಡಿ ದೂರ ಇರಬೇಕು. ನಟ್ಟನಡುವೆ ಬೇಡ.

ಮೊಟ್ಟೆಯ ಟ್ರೇ ಅಂಟಿಸಬೇಡಿ. ತೆಳ್ಳಗಿನ ಫೋಮ್ ಕೂಡ ಮೇಲಿನ ಸ್ವರವನ್ನಷ್ಟೇ ಹೀರುತ್ತದೆ, ಗುಂಯ್ ಹಾಗೇ ಉಳಿಯುತ್ತದೆ. ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಪ್ಯಾನೆಲ್ ಹಾಕಿದರೆ ಹೊರಗಿನ ಲೋಕಲ್ ಟ್ರೈನಿನ ಸದ್ದು, ಗಣಪತಿಯ ಢೋಲ್-ತಾಶಾ ನಿಲ್ಲುವುದಿಲ್ಲ. ಅದಕ್ಕೆ ಭಾರದ ಬಾಗಿಲು, ಸಂದಿಗೆ ರಬ್ಬರ್ ಪಟ್ಟಿ ಬೇಕು. ಬಾಡಿಗೆ ರೂಮಿನಲ್ಲಿ ಅಷ್ಟಕ್ಕೆ ಕೈಹಾಕಬೇಡಿ. ವಾಯ್ಸ್‌ಓವರ್ (ವಿಡಿಯೋದ ಹಿನ್ನೆಲೆ ಮಾತು) ಇದ್ದರೆ ರಾತ್ರಿ ರೆಕಾರ್ಡ್ ಮಾಡಿ.

ಇನ್ನು ಹೆಡ್‌ಫೋನ್. ಇದು ಕಿವಿಗೇ ಕೂರುವುದರಿಂದ ರೂಮಿನ ಕಾಟ ಇಲ್ಲ. ಸೋನಿ ಎಂಡಿಆರ್-7506 ಅಂತ ಒಂದಿದೆ, 1991ರಿಂದ ಮಾರಾಟದಲ್ಲಿದೆ, ಇಂದಿಗೂ ಶೂಟಿಂಗ್ ಜಾಗಗಳಲ್ಲಿ ಕಾಣುತ್ತದೆ. ಮಾತಿನ ಕೊಳೆಯನ್ನು ಎತ್ತಿ ತೋರಿಸುತ್ತದೆ: ಸಕಾರದ ಸೀಟಿ, ಬಾಯಿಯ ಚಪ್ ಸದ್ದು, ಎಸಿಯ ಗುರ್. ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಕೂಡ ಒಳ್ಳೆಯದು, ಅದರಲ್ಲಿ ಕೆಳಗಿನ ಸ್ವರ ಸ್ವಲ್ಪ ಜಾಸ್ತಿ. ಯಾವುದಾದರೂ ಒಂದು ಸಾಕು. ವೈರ್ ಇರುವುದೇ ಬೇಕು. ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬರುತ್ತದೆ, ತುಟಿಗೂ ಮಾತಿಗೂ ತಾಳೆ ನೋಡಲು ಆಗುವುದಿಲ್ಲ.

ಹೆಡ್‌ಫೋನನ್ನು ಕಂಪ್ಯೂಟರಿಗೆ ನೇರ ಚುಚ್ಚುವ ಬದಲು ಎರಡು ಇನ್‌ಪುಟ್‌ನ ಒಂದು ಆಡಿಯೋ ಇಂಟರ್‌ಫೇಸ್ (ಮೈಕು, ಹೆಡ್‌ಫೋನ್ ಎರಡನ್ನೂ ಕಂಪ್ಯೂಟರಿಗೆ ಜೋಡಿಸುವ ಡಬ್ಬಿ) ತಗೊಳ್ಳಿ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ್ದು ಸಾಕು. ಕಂಡೆನ್ಸರ್ ಎಂಬ ಸೂಕ್ಷ್ಮ ಜಾತಿಯ ಮೈಕಿಗೆ ಬೇಕಾದ 48 ವೋಲ್ಟ್ ಅದರಲ್ಲೇ ಬರುತ್ತದೆ. ವಾಯ್ಸ್‌ಓವರ್‌ಗೆ ಮಾತ್ರ ನಾನು ಕಂಡೆನ್ಸರ್ ಹೇಳುವುದಿಲ್ಲ, ನಿಮ್ಮ ರೂಮಿನಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಅದು ಹಿಡಿಯುತ್ತದೆ. ಶೂರ್ ಎಸ್‌ಎಂ58 ಥರದ ಡೈನಮಿಕ್ ಮೈಕು ಸಾಕು. ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ ಇಟ್ಟುಕೊಂಡು ಮಾತಾಡಿ. ವಿಡಿಯೋಗಳಲ್ಲಿ ಎಲ್ಲರ ಮುಂದೆ ಕಾಣುವ ಶೂರಿನದೇ ಎಸ್‌ಎಂ7ಬಿ ಮೈಕು ನೋಡಿ ಆಸೆಪಡಬೇಡಿ. ಅದರ ಸಣ್ಣ ದನಿಯನ್ನು ಎತ್ತಲು ಸುಮಾರು 60 ಡೆಸಿಬೆಲ್ ಗೇನ್ ಬೇಕು, ಅಗ್ಗದ ಇಂಟರ್‌ಫೇಸ್ ಅಷ್ಟು ಎತ್ತುವಾಗ ಹಿಸ್ ಬರುತ್ತದೆ.

ನಾಲ್ಕಾರು ಕೆಲಸ ಮಾಡಿ ದುಡ್ಡು ಬಂದ ಮೇಲೆ ಸ್ಪೀಕರ್ ತನ್ನಿ. ಐದು ಇಂಚಿನ ಜೋಡಿ ಸಾಕು. ಯಮಾಹಾ ಎಚ್‌ಎಸ್5 ಆದರೆ 54 ಹರ್ಟ್ಸ್ ತನಕ ಇಳಿಯುತ್ತದೆ. ಅದಕ್ಕಿಂತ ಕೆಳಗಿನದನ್ನು ನಿಮ್ಮ ರೂಮು ಹೇಗೂ ಕೆಡಿಸುತ್ತದೆ. ಎರಡು ಸ್ಪೀಕರ್, ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗಬೇಕು.

ಸಾಫ್ಟ್‌ವೇರ್ ಬಗ್ಗೆ. ನೀವು ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುವವರಾದರೆ ಬೇರೆ ಏನೂ ಕೊಳ್ಳಬೇಡಿ. ಅದರ ಉಚಿತ ಆವೃತ್ತಿಯಲ್ಲೇ ಫೇರ್‌ಲೈಟ್ ಅಂತ ಪೂರ್ತಿ ಆಡಿಯೋ ವಿಭಾಗ ಇದೆ. ಅಡೋಬಿ ಪ್ರೀಮಿಯರ್‌ನವರಿಗೆ ಪೂರ್ತಿ ಕ್ರಿಯೇಟಿವ್ ಕ್ಲೌಡ್ ಚಂದಾ ಇದ್ದರೆ ಅಡೋಬಿಯ ಆಡಿಯೋ ಸಾಫ್ಟ್‌ವೇರ್ ಆಡಿಷನ್ ಜೊತೆಗೇ ಬರುತ್ತದೆ. ಪ್ರತ್ಯೇಕ ಬೇಕೇ ಬೇಕು ಅಂದರೆ ರೀಪರ್: 60 ದಿನ ನೋಡಬಹುದು, ಆಮೇಲೆ ಸಣ್ಣ ವ್ಯಾಪಾರದವರಿಗೆ 60 ಡಾಲರ್. ಅಂಗಡಿಯವರು ಪೆನ್‌ಡ್ರೈವ್‌ನಲ್ಲಿ "ಎಲ್ಲಾ ಫ್ರೀ" ಅಂತ ಹಾಕಿಕೊಡುವ ಕ್ರ್ಯಾಕ್ ಮಾತ್ರ ಬೇಡ. ಅದರ ಜೊತೆ ವೈರಸ್ ಬಂದರೆ ಯಾರದೋ ಮದುವೆಯ ಫುಟೇಜ್ ಹೋಗುತ್ತದೆ. ಆ ಮದುವೆಯನ್ನು ಮತ್ತೆ ಶೂಟ್ ಮಾಡೋಕಾಗಲ್ಲ ಅಲ್ವಾ?

ಗದ್ದಲ ತೆಗೆದು ಮಾತನ್ನಷ್ಟೇ ಉಳಿಸುವ ಟೂಲ್‌ಗಳು ಈಗ ಬಂದಿವೆ. ರಿಸಾಲ್ವ್‌ನದ್ದು ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿದೆ. ಅತಿಥಿಗಳ ಭಾಷಣಕ್ಕೆ ಬಹಳ ಉಪಯೋಗ. ಆದರೆ ಯಕ್ಷಗಾನಕ್ಕೆ ಹಾಕಬೇಡಿ. ಅದರ ಲೆಕ್ಕದಲ್ಲಿ ಚೆಂಡೆ, ಚಕ್ರತಾಳ ಎಲ್ಲವೂ ಗದ್ದಲವೇ. ಭಾಗವತರ ಎಳೆದ ಸ್ವರದ ಬಾಲವನ್ನೂ ಕತ್ತರಿಸಿಬಿಡುತ್ತದೆ.

ಪ್ರಾಜೆಕ್ಟಿನ ಆಡಿಯೋ ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಎಷ್ಟು ಸಲ ಶಬ್ದವನ್ನು ಅಳೆಯುತ್ತದೆ ಎಂಬುದು) 48 ಕಿಲೋಹರ್ಟ್ಸ್‌ನಲ್ಲೇ ಇಡಿ, ವಿಡಿಯೋಗೆ ಅದೇ ರೂಢಿ. ಯೂಟ್ಯೂಬಿಗೆ ಹೋಗುವುದಾದರೆ ಲೌಡ್‌ನೆಸ್ ಮೀಟರ್ −14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಎಂಬುದರ ಅಳತೆ) ಸುತ್ತ ಇರಲಿ. ಅದಕ್ಕಿಂತ ಜೋರು ಮಾಡಿದರೆ ಯೂಟ್ಯೂಬೇ ತಗ್ಗಿಸುತ್ತದೆ. ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, −1 ಡೆಸಿಬೆಲ್ ದಾಟದಿರಲಿ.

ಒಂದು ಲಕ್ಷದಲ್ಲಿ ಒಂದು ಪಾಲನ್ನು ಕೈಯಲ್ಲಿ ಹಿಡಿಯುವಂಥ ಒಂದು ಸಣ್ಣ ರೆಕಾರ್ಡರಿಗೆ ಮೀಸಲಿಡಿ. ನೀವು ಕೇಳಿರಲಿಲ್ಲ, ಆದರೂ ಹೇಳುತ್ತೇನೆ. ಕುರ್ಲಾದ ಬಂಟರ ಭವನದಲ್ಲೋ ಸಾಂತಾಕ್ರೂಜಿನ ಬಿಲ್ಲವ ಭವನದಲ್ಲೋ ಯಕ್ಷಗಾನದ ಆಟ ಇದ್ದಾಗ ಸೌಂಡಿನವರ ಮಿಕ್ಸರಿನಿಂದ ಒಂದು ಲೈನ್ ಕೇಳಿ ಪಡೆಯಿರಿ. ಅದರಲ್ಲಿ ಭಾಗವತರು, ಪಾತ್ರಧಾರಿಗಳು ಚೊಕ್ಕ ಸಿಗುತ್ತಾರೆ. ಚೆಂಡೆ ಕಡಿಮೆ ಇರುತ್ತದೆ, ಸಭೆಗೆ ಅದು ಹಾಗೇ ಕೇಳುವುದರಿಂದ ಸೌಂಡಿನವರು ಅದನ್ನು ಹೆಚ್ಚು ಎತ್ತಿರುವುದಿಲ್ಲ. ರೆಕಾರ್ಡರಿನ ಸ್ವಂತ ಮೈಕುಗಳಿಂದ ಸಭೆಯ ಸದ್ದನ್ನೂ ಹಿಡಿದು ಎರಡನ್ನೂ ಬೆರೆಸಿ. ರೆಕಾರ್ಡರ್, ಕ್ಯಾಮೆರಾ ಎರಡರ ಗಡಿಯಾರಗಳೂ ಪೂರ್ತಿ ಒಂದೇ ಸಮ ಓಡುವುದಿಲ್ಲ. ಹತ್ತು ಲಕ್ಷದಲ್ಲಿ ಹತ್ತು ಪಾಲು ವ್ಯತ್ಯಾಸ ಇದ್ದರೂ ಗಂಟೆಗೆ 36 ಮಿಲಿಸೆಕೆಂಡ್, 25 ಫ್ರೇಮಿನ ವಿಡಿಯೋದಲ್ಲಿ ಹತ್ತಿರ ಹತ್ತಿರ ಒಂದು ಫ್ರೇಮ್. ನಾಲ್ಕು ಗಂಟೆಯ ಆಟದ ಕೊನೆಗೆ ಗೆಜ್ಜೆಗೂ ಕಾಲಿಗೂ ತಾಳೆ ತಪ್ಪುವುದು ಇದರಿಂದಲೇ. ಗಂಟೆಗೊಮ್ಮೆ ಶಬ್ದವನ್ನು ಕತ್ತರಿಸಿ ಮತ್ತೆ ಜೋಡಿಸಿ.

ಮಳೆಗಾಲದಲ್ಲಿ ಮೈಕುಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ರೂಮಿಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಹಮ್ ಬರಬಹುದು.

ಕೊಳ್ಳಲು ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತೀರಲ್ಲ, ಅಂಗಡಿಯವರು ಹಾಕುವ ಸಿನಿಮಾ ಹಾಡು ಕೇಳಿ ಹೆಡ್‌ಫೋನ್ ಆರಿಸಬೇಡಿ. ನೀವೇ ಶೂಟ್ ಮಾಡಿದ ಒಂದು ಮದುವೆಯ ಆಡಿಯೋ ಫೋನಿನಲ್ಲಿ ಒಯ್ಯಿರಿ. ಪುರೋಹಿತರ ಮಂತ್ರ, ಹಿಂದೆ ಓಲಗ, ಅದರ ಹಿಂದೆ ಫ್ಯಾನಿನ ಸದ್ದು ಇರುವ ತುಣುಕು. ಫ್ಯಾನು ಯಾವ ಜೋಡಿಯಲ್ಲಿ ಸ್ಪಷ್ಟವಾಗಿ ಬೇರೆಯಾಗಿ ಕೇಳುತ್ತದೋ ಅದನ್ನೇ ಪ್ಯಾಕ್ ಮಾಡಿಸಿ.