ನಿಯೊ ಕಾವಲುಗಾರರ ಮುಖ ಅಷ್ಟು ಉಗ್ರ, ಆದರೂ ಅಭಯ ಅನ್ನಿಸುವುದೇಕೆ?

ಪ್ರಶ್ನೆ: ಜಪಾನಿನ ಬೌದ್ಧ ದೇವಾಲಯಗಳ ಬಾಗಿಲಲ್ಲಿ ನಿಂತ ವಿಗ್ರಹಗಳು ಕಣ್ಣು ಕೆಕ್ಕರಿಸಿ, ಮುಷ್ಟಿ ಬಿಗಿದಿರುತ್ತವೆ. ಅವನ್ನು ನೋಡಿ ಧೈರ್ಯ ಬರುವುದು ಹೇಗೆ?

ಉತ್ತರ: ಆ ಸಿಟ್ಟು ನಿಮ್ಮ ಮೇಲಲ್ಲ, ನಿಮ್ಮ ಬೆನ್ನಿಗೆ ಬಿದ್ದು ಬರುವ ಕೆಡುಕಿನ ಮೇಲೆ. ನಮ್ಮ ದ್ವಾರಪಾಲಕರ ಕೋರೆಹಲ್ಲಿಗೂ ಅದೇ ಅರ್ಥ. ನಿಯೊಗಳ ಮೂಲವೂ ಬುದ್ಧನ ಜೊತೆಗಿರುತ್ತಿದ್ದ ವಜ್ರಪಾಣಿಯೇ. ಒಬ್ಬನ ಬಾಯಿ ತೆರೆದಿದೆ, ಅದು 'ಅ'. ಇನ್ನೊಬ್ಬನದು ಮುಚ್ಚಿದೆ, ಅದು 'ಹೂಂ'; ಜಪಾನೀಯರ ಬಾಯಲ್ಲಿ 'ಉನ್'. ಮೊದಲ ಸದ್ದಿನಿಂದ ಕೊನೆಯ ಸದ್ದಿನವರೆಗೆ ಎಲ್ಲವೂ ಇವರ ಕಾವಲಿನಲ್ಲಿ.

ಆದರೆ ಅರ್ಥ ಗೊತ್ತಿದ್ದ ಮಾತ್ರಕ್ಕೆ ಎದೆ ನಿರಾಳವಾಗುವುದಿಲ್ಲ. ನಿರಾಳ ಮಾಡುವುದು ಶಿಲ್ಪಿಯ ಕೈಚಳಕ. ಜಪಾನಿನ ನಾರಾ ನಗರದ ತೊಡೈಜಿ ದೇವಾಲಯದ ದಕ್ಷಿಣ ಮಹಾದ್ವಾರದ ಜೋಡಿಯನ್ನೇ ನೋಡಿ. 1203ರಲ್ಲಿ ಶಿಲ್ಪಿಗಳಾದ ಉಂಕೇಯ್, ಕಾಯ್ಕೇಯ್ ಮತ್ತು ಅವರ ತಂಡ 69 ದಿನಗಳಲ್ಲಿ ಮುಗಿಸಿದ ಇವುಗಳ ಎತ್ತರ ಸುಮಾರು 8.4 ಮೀಟರ್. ಬೇರೆಡೆ ನಿಯೊಗಳು ಬರುವವರಿಗೆ ಮುಖಾಮುಖಿ. ಇಲ್ಲಿ ಒಬ್ಬರಿಗೊಬ್ಬರು ಎದುರು ನಿಂತಿದ್ದಾರೆ. ಸಾಮಾನ್ಯವಾಗಿ ಬಲಕ್ಕಿರುವ ತೆರೆದ ಬಾಯಿಯವನೂ ಇಲ್ಲಿ ಎಡಕ್ಕೆ. ನಡುವೆ ನಡೆದರೆ ಎರಡೂ ನೋಟ ಮೇಲಿನಿಂದ ನಿಮ್ಮ ದಾರಿಗೇ ಇಳಿಯುತ್ತದೆ. ಅದು ತಾನಾಗಿ ಕೂಡಿ ಬಂದದ್ದಲ್ಲ. 1988ರಿಂದ 1993ರವರೆಗೆ ಬಿಚ್ಚಿ ದುರಸ್ತಿ ಮಾಡಿದಾಗ, ಕೆಳಗಿಂದ ನೋಡುವವರಿಗಾಗಿ ಕಣ್ಣು, ಹೊಕ್ಕುಳುಗಳನ್ನು ಕಡೆಯುವ ಕಾಲದಲ್ಲೇ ತಿದ್ದಿದ್ದ ಗುರುತು ಸಿಕ್ಕಿತು.

ಒಂದೇ ದಿಮ್ಮಿಯಲ್ಲಿ ಇಷ್ಟು ದೊಡ್ಡದನ್ನು ಕಡೆದರೆ ಸೀಳುತ್ತದೆ: ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ತಿರುಳು ಹಸಿಯಾಗೇ ಉಳಿಯುತ್ತದೆ. ಅದಕ್ಕೇ ಒಂದೊಂದು ವಿಗ್ರಹಕ್ಕೂ ಹಿನೊಕಿ ಎಂಬ ಜಪಾನಿ ಮರದ ಸುಮಾರು 3,000 ತುಂಡುಗಳನ್ನು ಜೋಡಿಸಿ, ಒಳಗೆ ಪೊಳ್ಳು ಬಿಟ್ಟರು. ಈಗ ಮುಂದೆ ತಂತಿಜಾಲರಿಯಿದೆ. ಕಾವಲುಗಾರರಿಗೇ ಕಾವಲು!

ಅದೇ ಊರಿನ ಕೊಫುಕುಜಿ ದೇವಾಲಯದ ಜೋಡಿ ಒಂದೂವರೆ ಮೀಟರಿಗಿಂತ ತುಸು ಎತ್ತರ, ಅಷ್ಟೆ. ಮುಖದ ಪೊಳ್ಳಿನೊಳಗಿಂದ ಸ್ಫಟಿಕದ ಕಣ್ಣು ಕೂರಿಸಿದ್ದಾರೆ. ಪಾಪೆಯ ಬಣ್ಣ ಅದರ ಹಿಂಬದಿಗೆ. ನಮ್ಮ ಮುಖದ ಮಟ್ಟದಲ್ಲೇ ಹೊಳೆಯುವ ಆ ಕಣ್ಣು ಮೊದಲು ಬೆಚ್ಚಿಬೀಳಿಸುತ್ತದೆ.

ಇಂದು ಇದೇ ಭಾವ ಹುಡುಕುವ ಕಲಾವಿದರು ಹೆಚ್ಚಾಗಿ ಎಡವುವುದು ಇಲ್ಲೇ. ಹುಬ್ಬಿನ ಗಂಟನ್ನು ನಕಲು ಮಾಡುತ್ತಾರೆ, ಜಾಗ ಮರೆಯುತ್ತಾರೆ. ಎತ್ತರಕ್ಕೆಂದು ಕಡೆದದ್ದನ್ನು ಗ್ಯಾಲರಿಯಲ್ಲಿ ನೆಲಮಟ್ಟಕ್ಕೆ ಇಟ್ಟರೆ ನೋಟ ನೆಲ ಹುಡುಕುತ್ತದೆ. ಒಂಟಿಯಾಗಿ ಇಟ್ಟರೆ ಬರೀ ಬೆದರಿಕೆ. ಎರಡು ಬೇಕು, ನಡುವೆ ಒಬ್ಬರು ನಡೆಯುವಷ್ಟು ದಾರಿ ಬೇಕು.