ವಿಯೆಟ್ನಾಂ ವಲಸಿಗರ ಮಾನಸಿಕ ಆರೋಗ್ಯ: ಬಂದ ದಾರಿ ಕೇಳಿ, ಮೈನೋವಿನಿಂದ ಶುರುಮಾಡಿ

ಅಮೆರಿಕದ ಅಂಕಿಅಂಶಗಳಲ್ಲಿ ವಿಯೆಟ್ನಾಂ ಮೂಲದವರು ಹಲವು ಬಾರಿ ‘ಏಷ್ಯನ್’ ಎಂಬ ದೊಡ್ಡ ಖಾನೆಯೊಳಗೆ ಕಳೆದುಹೋಗುತ್ತಾರೆ. ಇಂಥ ರೋಗಿಯ ಕೇಸ್ ಬರೆಯುವಾಗ ನೀವೂ ಹಾಗೆ ಮಾಡಬೇಡಿ. ಯಾವ ವರ್ಷ ಬಂದರು, ಯಾವ ದಾರಿಯಲ್ಲಿ ಬಂದರು ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ.

1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಕಮ್ಯುನಿಸ್ಟ್ ಉತ್ತರದ ಸೇನೆಯ ಕೈಗೆ ಬಿತ್ತು. ಆ ವರ್ಷ ಅಮೆರಿಕಕ್ಕೆ ಬಂದ ಸುಮಾರು 1,25,000 ಜನರಲ್ಲಿ ಸೇನೆ, ಸರ್ಕಾರಿ ಕೆಲಸ ಅಥವಾ ಅಮೆರಿಕನ್ನರ ಸಂಪರ್ಕ ಇದ್ದವರೇ ಹೆಚ್ಚು. 1978ರ ಹೊತ್ತಿಗೆ ಸಣ್ಣ ದೋಣಿಗಳಲ್ಲಿ ಹೊರಟವರ ಪಾಡು ಬೇರೆ: ಬಾಯಾರಿಕೆ, ಥಾಯ್ ಕೊಲ್ಲಿಯ ಕಡಲ್ಗಳ್ಳರು, ಅತ್ಯಾಚಾರ, ಆಮೇಲೆ ಮಲೇಷ್ಯಾದ ಪುಲಾವ್ ಬಿಡೊಂಗ್‌ನಂಥ ಕಿಕ್ಕಿರಿದ ಶಿಬಿರ. ಅಮೆರಿಕ ಮತ್ತು ವಿಯೆಟ್ನಾಂ ನಡುವಿನ 1989ರ ಒಪ್ಪಂದದಡಿ ಬಂದವರು ಕಮ್ಯುನಿಸ್ಟ್ ಸರ್ಕಾರದ ‘ಮರುಶಿಕ್ಷಣ’ ಶಿಬಿರಗಳಲ್ಲಿ ಮೂರು ವರ್ಷವೋ ಹೆಚ್ಚೋ ಸೆರೆಯಲ್ಲಿದ್ದವರು. ಇವರಲ್ಲಿ ಅನೇಕರು ನಡುವಯಸ್ಸು ದಾಟಿದ ಮೇಲೆ ಹೊಸ ಭಾಷೆ, ಕೂಲಿ ಕೆಲಸ ಎಂದು ಮೊದಲಿನಿಂದ ಶುರುಮಾಡಬೇಕಾಯಿತು. ಈಚೆಗೆ ಮದುವೆಯಾಗಿ ಅಥವಾ ಕುಟುಂಬದವರು ಕರೆಸಿಕೊಂಡು ಬಂದವರಿಗೆ ಯುದ್ಧದ ನೆನಪೇ ಇರಲಿಕ್ಕಿಲ್ಲ. ಅವರಲ್ಲಿ ಒಂಟಿತನ, ಊರಿಗೆ ಹಣ ಕಳಿಸುವ ಒತ್ತಡ, ಸಂಗಾತಿಯ ಮೇಲಿನ ಅವಲಂಬನೆ ಕೇಳಿ ನೋಡಬೇಕು.

ನಿರಾಶ್ರಿತರೆಂದರೆ ಎಲ್ಲರಿಗೂ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಎಂದು ಬರೆದರೆ ತಪ್ಪು. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು 1,161 ವಿಯೆಟ್ನಾಮೀಯರನ್ನು, ಅವರು ನೆಲೆಸಿ ಸರಾಸರಿ 11 ವರ್ಷವಾದ ಮೇಲೆ, ಪರೀಕ್ಷಿಸಿತು. ವರ್ಷ ಕಳೆದಂತೆ ಕಾಯಿಲೆಯ ಸಾಧ್ಯತೆ ಇಳಿದಿತ್ತು. ಆದರೆ ಮೂರಕ್ಕಿಂತ ಹೆಚ್ಚು ಆಘಾತಗಳನ್ನು ಕಂಡವರಲ್ಲಿ ಹತ್ತು ವರ್ಷ ದಾಟಿದರೂ ಅಪಾಯ ಉಳಿದಿತ್ತು. ಈ ಎರಡೂ ಮಾತು ಒಟ್ಟಿಗೇ ಬರಬೇಕು.

ಇನ್ನು ಮುಖ್ಯ ಸಂಗತಿ. ‘ಮನಸ್ಸಿಗೆ ಬೇಸರ’ ಎನ್ನುತ್ತಾ ಬರುವವರು ಕಡಿಮೆ. ತಲೆನೋವು, ನಿದ್ದೆಯಿಲ್ಲ, ಎದ್ದು ನಿಂತರೆ ತಲೆಸುತ್ತು, ಎದೆ ಡವಡವ ಎಂದು ಬರುತ್ತಾರೆ. ‘ತ್ರುಂಗ್ ಯೊ’, ಅಂದರೆ ಗಾಳಿ ತಾಗಿತು ಎಂಬ ನಂಬಿಕೆ ಇದರ ಹಿಂದಿರಬಹುದು. ಸರಪಳಿ ಹೀಗೆ: ನಿಂತಾಗ ತಲೆ ತಿರುಗುತ್ತದೆ, ಗಾಳಿ ಒಳಹೊಕ್ಕಿತು, ಲಕ್ವ ಹೊಡೆಯುತ್ತದೆ ಎಂಬ ಭಯ ಹುಟ್ಟುತ್ತದೆ, ಭಯಕ್ಕೆ ಎದೆಬಡಿತ ಏರುತ್ತದೆ. ದೋಣಿಯಲ್ಲಿ ಬಂದವರಿಗಾದರೆ ಅಂದಿನ ಕಡಲ ತಲೆಸುತ್ತೂ ಮರುಕಳಿಸಬಹುದು. ಕೊನೆಗೆ ಪೂರ್ಣ ಪ್ಯಾನಿಕ್, ಅಂದರೆ ಹಠಾತ್ ತೀವ್ರ ಭಯದ ದಾಳಿ.

ಆದ್ದರಿಂದ ಮೊದಲು ದೇಹ ನೋಡಿ. ಮಲಗಿಸಿ ಬಿಪಿ ತೆಗೆಯಿರಿ, ನಿಲ್ಲಿಸಿ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ತೆಗೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಜವಾದ ಬಿಪಿ ಕುಸಿತ. ರಕ್ತಹೀನತೆ, ಥೈರಾಯ್ಡ್, ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನೂ ಪರಿಶೀಲಿಸಿ. ಆಮೇಲೆ ಕೇಳಿ: ‘ತಲೆ ತಿರುಗಿದಾಗ ಏನಾಗುತ್ತದೆ ಅಂತ ಹೆದರಿಕೆಯಾಯಿತು? ಏನು ನೆನಪಾಯಿತು?’ ಬೆನ್ನಿನ ಮೇಲೆ ಕೆಂಪು ಗೆರೆಗಳು ಕಂಡರೆ ಹೊಡೆತ ಎಂದು ಬರೆಯುವ ಮೊದಲು ವಿಚಾರಿಸಿ. ಎಣ್ಣೆ ಸವರಿ ನಾಣ್ಯದ ಅಂಚಿನಿಂದ ಗೀರುವ ‘ಕಾವ್ ಯೊ’ ಮನೆಮದ್ದು ಅದಾಗಿರಬಹುದು.

ಅಳತೆಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಪ್ಕಿನ್ಸ್-25 ಎಂಬ ಪ್ರಶ್ನಾವಳಿಯ ಇಂಡೋಚೀನಾ (ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್) ಆವೃತ್ತಿಯಲ್ಲಿ ಆತಂಕಕ್ಕೆ 10, ಖಿನ್ನತೆಗೆ 15 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 4 ಅಂಕ, ಸರಾಸರಿ 1.75 ದಾಟಿದರೆ ಗಮನಿಸಬೇಕು. ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಟ್ಟಿಯಾದ ಪಿಎಚ್‌ಕ್ಯೂ-9ರಲ್ಲಿ ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ, ಮೊತ್ತದ ಗಡಿ 10. ಎಡವಟ್ಟಾಗುವುದು ಇಲ್ಲೇ: ನಿದ್ದೆಗೆ 3, ಆಯಾಸಕ್ಕೆ 3, ಹಸಿವಿಗೆ 1, ದುಃಖಕ್ಕೆ 0 ಕೊಟ್ಟವರ ಮೊತ್ತ 7. ಪಟ್ಟಿಯ ಪ್ರಕಾರ ‘ಸೌಮ್ಯ’. ಅಂಥವರನ್ನು ಕಳಿಸಿಬಿಡದೆ ಕೆಲಸ, ಮನೆ ಹೇಗೆ ನಡೆಯುತ್ತಿದೆ ಎಂದು ಕೇಳಿ. ಸಾಯುವ ಯೋಚನೆಯ ಒಂಬತ್ತನೇ ಪ್ರಶ್ನೆಯನ್ನು ಮನೆಯವರ ಎದುರು ಕೇಳಲೇಬಾರದು.

ಮಗನನ್ನೋ ಮಗಳನ್ನೋ ದುಭಾಷಿ ಮಾಡಬೇಡಿ. ಕಡಲಲ್ಲಿ ತಾಯಿಗೆ ಏನಾಯಿತು ಎಂಬುದು ಮಗನ ಬಾಯಲ್ಲಿ ಹೊರಬರುವುದಿಲ್ಲ. ವೃತ್ತಿಪರ ದುಭಾಷಿಯೂ ಅದೇ ಬಡಾವಣೆಯವರಾದರೆ ಸುದ್ದಿ ಹರಡುವ ಭಯ. ಸೆರೆಶಿಬಿರ ಕಂಡವರಿಗೆ ಉತ್ತರ ವಿಯೆಟ್ನಾಂನವರ ಉಚ್ಚಾರಣೆ ಕೇಳಿದರೇ ಮೈ ಬಿಗಿಯಬಹುದು. ದೂರದ ಊರಿನ ಫೋನ್ ದುಭಾಷಿ ಎಷ್ಟೋ ವಾಸಿ, ಒಪ್ಪಿಗೆಯನ್ನಂತೂ ಮೊದಲೇ ಕೇಳಿ.

ಖಿನ್ನತೆಯ ಔಷಧಿ ಅರ್ಧಕ್ಕೆ ನಿಲ್ಲುವುದಕ್ಕೆ ಕಾರಣ ಸರಳ: ವಾಕರಿಕೆ ಮೊದಲ ವಾರವೇ ಬರುತ್ತದೆ, ಗುಣ ಕಾಣಲು 2ರಿಂದ 4 ವಾರ ಬೇಕು. ಇಂಗ್ಲಿಷ್ ಮದ್ದು ‘ಉಷ್ಣ’ ಎಂಬ ನಂಬಿಕೆ ಅಲ್ಲೂ ಇದೆ (ನಮಗೆ ಇದನ್ನು ವಿವರಿಸಬೇಕಿಲ್ಲ). ಹೀಗಾಗಿ ಕಡಿಮೆಯಿಂದ ಆರಂಭಿಸುವುದು ರೂಢಿ, ಉದಾಹರಣೆಗೆ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ 50ರ ಬದಲು 25 ಮಿ.ಗ್ರಾಂ. ಪೂರ್ವ ಮತ್ತು ಆಗ್ನೇಯ ಏಷ್ಯಾ ಮೂಲದವರಲ್ಲಿ ಮದ್ದನ್ನು ಒಡೆಯುವ ಯಕೃತ್ತಿನ ಸಿವೈಪಿ2ಸಿ19 ಕಿಣ್ವ ನಿಧಾನವಾಗಿರುವವರ ಪಾಲು ಯುರೋಪಿಯನ್ನರಿಗಿಂತ ಹೆಚ್ಚು. ಅಂಥವರಿಗೆ ಸಿಟಲೋಪ್ರಾಂ (ಇದೂ ಖಿನ್ನತೆಯ ಮಾತ್ರೆ) ದಿನಕ್ಕೆ 20 ಮಿ.ಗ್ರಾಂ ಮೀರಬಾರದು. ವಾರದೊಳಗೆ ಒಂದು ಫೋನ್ ಮಾಡಿ, ಮಾತ್ರೆ ‘ತಗೊಂಡಿರಾ’ ಎಂದಲ್ಲ, ‘ಎಷ್ಟು ದಿನ ತಪ್ಪಿತು’ ಎಂದು ಕೇಳಿ.

ಮನೋವೈದ್ಯರ ಬೇರೆ ಕಟ್ಟಡಕ್ಕೆ ಚೀಟಿ ಬರೆದು ಕಳಿಸಿದರೆ ಹೋಗುವವರು ಕಡಿಮೆ, ಏಕೆಂದರೆ ಆ ಬಾಗಿಲಲ್ಲಿ ಕಂಡರೆ ‘ಹುಚ್ಚು’ ಎಂಬ ಹೆಸರು ಬೀಳುತ್ತದೆ. ಸಕ್ಕರೆ, ಬಿಪಿ ನೋಡುವ ಕ್ಲಿನಿಕ್‌ನಲ್ಲೇ, ಅದೇ ದಿನ, ವೈದ್ಯರು ಖುದ್ದಾಗಿ ಆಪ್ತಸಮಾಲೋಚಕರನ್ನು ಕರೆದು ಪರಿಚಯಿಸಿ ಕೂರಿಸಿದರೆ ಎರಡನೇ ಭೇಟಿಗೆ ಬರುವ ಸಾಧ್ಯತೆ ಹೆಚ್ಚು.