ದುಬಾರಿ ಮದರ್‌ಬೋರ್ಡ್ ಹಾಕಿದರೆ ಗೇಮ್ ಚೆನ್ನಾಗಿ ಓಡುತ್ತಾ?

ಓದುಗರ ಪ್ರಶ್ನೆ: ಹೊಸದಾಗಿ ಗೇಮಿಂಗ್ ಪಿಸಿ ಜೋಡಿಸಬೇಕು ಅಂತಿದೀನಿ. ಪ್ರೊಸೆಸರ್ ರೈಜನ್ 5 7600 ಅಂತ ಹೆಚ್ಚುಕಮ್ಮಿ ತೀರ್ಮಾನ ಆಗಿದೆ. ಮದರ್‌ಬೋರ್ಡ್ ವಿಷಯಕ್ಕೆ ಬಂದರೆ ಮಾತ್ರ ತಲೆ ಕೆಡುತ್ತಿದೆ. ಬಿ650 ಸಾಕಾ, ಎಕ್ಸ್670ಇ ಬೇಕಾ? ಜಾಸ್ತಿ ದುಡ್ಡು ಕೊಟ್ಟರೆ ಎಫ್‌ಪಿಎಸ್ (ಸೆಕೆಂಡಿಗೆ ಸ್ಕ್ರೀನ್ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಜಾಸ್ತಿ ಬರುತ್ತಾ?

ಉತ್ತರ: ಬರುವುದಿಲ್ಲ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಮೂರೂ ಅವೇ ಇದ್ದರೆ, ಒಂದು ಸಾಧಾರಣ ಬಿ650 ಬೋರ್ಡಿಗೂ ಅದರ ಎರಡರಷ್ಟು ಬೆಲೆಯ ಬೋರ್ಡಿಗೂ ಗೇಮ್ ಆಡುವಾಗ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. ಎಫ್‌ಪಿಎಸ್ ಕೊಡುವುದು ಮೊದಲು ಗ್ರಾಫಿಕ್ಸ್ ಕಾರ್ಡ್, ಆಮೇಲೆ ಪ್ರೊಸೆಸರ್, ಸ್ವಲ್ಪ ಮಟ್ಟಿಗೆ ರ‍್ಯಾಮ್. ಬೋರ್ಡಿನ ಕೆಲಸ ಇವಕ್ಕೆಲ್ಲ ಸರಿಯಾಗಿ ಕರೆಂಟ್ ಕೊಡುವುದು, ಒಂದರಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವುದು. ಅದನ್ನು ತಕರಾರಿಲ್ಲದೆ ಮಾಡಿದರೆ ಸಾಕು. ಹಾಗಾಗಿ ಬೋರ್ಡಿನಲ್ಲಿ ಉಳಿದ ದುಡ್ಡನ್ನು ಕಣ್ಣು ಮುಚ್ಚಿಕೊಂಡು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ.

ಹಾಗಂತ ಇರುವುದರಲ್ಲೇ ಅಗ್ಗದ್ದು ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಬೋರ್ಡ್ ಅನ್ನುವುದು ಪಿಸಿಯಲ್ಲಿ ಬದಲಾಯಿಸಲು ಅತಿ ಕಷ್ಟದ ಭಾಗ. ಗ್ರಾಫಿಕ್ಸ್ ಕಾರ್ಡ್ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು, ಬೋರ್ಡ್ ಬದಲಾಯಿಸಬೇಕಂದ್ರೆ ಇಡೀ ಪಿಸಿ ಬಿಚ್ಚಬೇಕು. ಅದಕ್ಕೇ ತಗೊಳ್ಳುವಾಗ ಕೆಲವು ವಿಷಯಗಳನ್ನು ಕೂತು ನೋಡಲೇಬೇಕು.

ನೀವು ಪ್ರೊಸೆಸರ್ ಮೊದಲು ಆರಿಸಿದ್ದು ಒಳ್ಳೆಯದಾಯಿತು, ಸರಿಯಾದ ಕ್ರಮವೇ ಅದು. 7600 ಕೂರುವುದು ಎಎಂ5 ಸಾಕೆಟ್‌ನಲ್ಲಿ (ಸಾಕೆಟ್ ಅಂದರೆ ಬೋರ್ಡಿನ ಮೇಲೆ ಪ್ರೊಸೆಸರ್ ಕೂರಿಸುವ ಜಾಗ). 2022ರಲ್ಲಿ ಬಂದ ಈ ಸಾಕೆಟ್‌ಗೆ 2027ರವರೆಗೆ ಮತ್ತು ಅದರಾಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ರೈಜನ್ ತಯಾರಿಸುವ ಎಎಂಡಿ ಹೇಳಿದೆ. ಇದರ ಹಿಂದಿನ ಎಎಂ4ನಲ್ಲಿ ಮೊದಲ ತಲೆಮಾರಿನ ರೈಜನ್ ಹಾಕಿಕೊಂಡಿದ್ದವರು, ವರ್ಷಗಳ ಮೇಲೆ ಬರೀ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ 5800ಎಕ್ಸ್3ಡಿ ಹಾಕಿ ಗೇಮ್ ಆಡುತ್ತಿದ್ದಾರೆ. ಇಂಟೆಲ್ ಕಡೆ ಇಷ್ಟು ಆಯಸ್ಸು ಸಿಗುವುದಿಲ್ಲ: ಎಲ್‌ಜಿಎ1700 ಸಾಕೆಟ್ 12, 13, 14ನೇ ತಲೆಮಾರಿಗೆ ಮುಗಿಯಿತು, 2024ರಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್‌ಗೆ ಬೇರೆಯದೇ ಸಾಕೆಟ್. ಅಂದರೆ ನೀವು ಈಗ ತಗೊಳ್ಳುವ ಬೋರ್ಡ್ ಈ 7600 ಒಂದಕ್ಕೇ ಅಲ್ಲ, ಮುಂದೆ ಹಾಕಬಹುದಾದ ಇನ್ನೊಂದು ಪ್ರೊಸೆಸರ್‌ಗೂ ಆಗಬೇಕು. ಈ ಒಂದು ಮಾತು ತಲೆಯಲ್ಲಿದ್ದರೆ ಉಳಿದದ್ದೆಲ್ಲ ಸುಲಭ.

ಇನ್ನು ಚಿಪ್‌ಸೆಟ್, ಅಂದರೆ ಯುಎಸ್‌ಬಿ, ಡಿಸ್ಕ್ ಮುಂತಾದವನ್ನು ನಡೆಸುವ ಬೋರ್ಡಿನ ಚಿಪ್. ಬಿ650, ಎಕ್ಸ್670 ಅನ್ನುವುದು ಇದರ ಹೆಸರೇ. ಎಕ್ಸ್670 ಅಂದರೆ ಬಿ650ಯಲ್ಲಿರುವ ಅದೇ ಚಿಪ್ ಎರಡು. ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಅದರಿಂದ ಯುಎಸ್‌ಬಿ, ಸಾಟಾ (ಹಾರ್ಡ್‌ಡಿಸ್ಕ್ ಜೋಡಿಸುವ ಪೋರ್ಟ್), ಎಂ.2 (ಎಸ್‌ಎಸ್‌ಡಿ ಕೂರುವ ಜಾಗ) ಸ್ಲಾಟ್‌ಗಳು ಜಾಸ್ತಿ ಸಿಗುತ್ತವೆ, ವೇಗ ಜಾಸ್ತಿ ಆಗುವುದಿಲ್ಲ. ಕೊನೆಯ ಇ ಅಕ್ಷರ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಸ್ಲಾಟ್ ಪಿಸಿಐಇ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ಸಂಪರ್ಕ) 5.0 ಆಗಿರುತ್ತದೆ, ಬರೀ ಬಿ650 ಆದರೆ ಸಾಮಾನ್ಯವಾಗಿ 4.0. ಈಗಿನ ಅತಿ ವೇಗದ ಕಾರ್ಡುಗಳಿಗೂ 4.0ದ ಹದಿನಾರು ಲೇನ್ (ಡೇಟಾ ಸಾಗುವ ದಾರಿ) ಸಾಕು, 5.0ರಿಂದ ಸಿಗುವ ಲಾಭ ತೀರಾ ಚಿಕ್ಕದು. ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವುದು) ಮಾಡುವ ಆಸೆ ಇದ್ದರೆ ಬಿ650ಯಲ್ಲೇ ಆಗುತ್ತದೆ, ಎ620ಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಇಂಟೆಲ್‌ನಲ್ಲಾದರೆ ಅದಕ್ಕೆ ಜೆಡ್ ಸರಣಿಯ ಬೋರ್ಡೇ ಬೇಕು. ಒಟ್ಟಿನಲ್ಲಿ ನಿಮಗೆ ಬಿ650 ಸಾಕು, ಅಥವಾ ಹತ್ತಿರದ ಬೆಲೆಗೆ ಸಿಕ್ಕಿದರೆ ಅದರ ನಂತರ ಬಂದ ಬಿ850.

ಆದರೆ ಬಿ650 ಅಂತ ಹೆಸರಿರುವ ಬೋರ್ಡೆಲ್ಲ ಒಂದೇ ಅಲ್ಲ, ನಿಜವಾದ ವ್ಯತ್ಯಾಸ ಇಲ್ಲೇ ಇರುವುದು. ಪವರ್ ಸಪ್ಲೈಯಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಹೆಚ್ಚುಕಮ್ಮಿ 1.2 ವೋಲ್ಟ್. ಹೀಗೆ ಇಳಿಸಿ ಕೊಡುವ ಭಾಗಕ್ಕೆ ವಿಆರ್‌ಎಂ ಅನ್ನುತ್ತಾರೆ. ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ಇರುತ್ತದೆ, ಒಳ್ಳೆಯ ಬೋರ್ಡಿನಲ್ಲಿ ಅದರ ಮೇಲೆ ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂರಿಸಿರುತ್ತಾರೆ. ಲೆಕ್ಕ ನೋಡಿ: 1.2 ವೋಲ್ಟ್‌ನಲ್ಲಿ 120 ವಾಟ್ ಕೊಡಬೇಕಂದ್ರೆ 100 ಆಂಪಿಯರ್ ಹರಿಯಬೇಕು. ಅಷ್ಟು ಕರೆಂಟ್ ಹರಿದರೆ ಬಿಸಿ ಆಗಿಯೇ ಆಗುತ್ತದೆ. ಬಿಸಿ ಮಿತಿ ಮೀರಿದರೆ ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗವನ್ನೇ ಇಳಿಸಿಬಿಡುತ್ತದೆ. ಬೋರ್ಡಿನಿಂದ ಎಫ್‌ಪಿಎಸ್ ಕಮ್ಮಿಯಾಗುವ ಮುಖ್ಯ ದಾರಿ ಇದು.

ನಿಮ್ಮ 7600 ಎಳೆಯುವುದು ಹೆಚ್ಚೆಂದರೆ 88 ವಾಟ್, ಯಾವ ಬಿ650 ಆದರೂ ನಿಭಾಯಿಸುತ್ತದೆ. ಮುಂದೆ 7800ಎಕ್ಸ್3ಡಿ ತರಹದ್ದು ಹಾಕಿದರೆ ಮಿತಿ 162 ವಾಟ್ ಇದೆ, ಗೇಮ್ ಆಡುವಾಗ ಅಷ್ಟು ಎಳೆಯುವುದೂ ಇಲ್ಲ. 7950ಎಕ್ಸ್ ಆದರೆ ಮಾತ್ರ 230 ವಾಟ್. ಹೀಟ್‌ಸಿಂಕ್ ಇಲ್ಲದ ಬೋಳು ವಿಆರ್‌ಎಂ ಇರುವ ಬೋರ್ಡನ್ನು ಬಿಟ್ಟುಬಿಡಿ, ಮಧ್ಯಮ ದರ್ಜೆಯದು ತಗೊಳ್ಳಿ, ಎಂಟು ಕೋರಿನ ಗೇಮಿಂಗ್ ಪ್ರೊಸೆಸರ್‌ವರೆಗೆ ಯೋಚನೆ ಇಲ್ಲ. ಡಬ್ಬದ ಮೇಲಿನ 14+2+1 ಅನ್ನುವ ಫೇಸ್‌ಗಳ (ವಿಆರ್‌ಎಂನಲ್ಲಿ ಕರೆಂಟ್ ಹಂಚಿಕೊಳ್ಳುವ ಘಟಕಗಳ) ಸಂಖ್ಯೆ ನೋಡಿ ಮರುಳಾಗಬೇಡಿ. ಒಂದೊಂದು ಫೇಸ್ ಎಷ್ಟು ಆಂಪಿಯರ್ ತಡೆಯುತ್ತದೆ ಅನ್ನುವುದು ಎಷ್ಟು ಫೇಸ್ ಇವೆ ಅನ್ನುವುದರಷ್ಟೇ ಮುಖ್ಯ.

ರ‍್ಯಾಮ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಎರಡೇ ಸ್ಟಿಕ್ ಹಾಕಿ. ಎಎಂ5ನಲ್ಲಿ ಡಿಡಿಆರ್5 ಮಾತ್ರ ನಡೆಯುತ್ತದೆ. 7000 ಸರಣಿಯಲ್ಲಿ ಎರಡು ಸ್ಟಿಕ್ ಇದ್ದರೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 5200, ನಾಲ್ಕು ತುಂಬಿದರೆ 3600ಕ್ಕೆ ಇಳಿಯುತ್ತದೆ. ಈಗ 8 ಜಿಬಿಯ ಎರಡು ಹಾಕೋಣ, ಆಮೇಲೆ ಇನ್ನೆರಡು ಸೇರಿಸೋಣ ಅನ್ನುವ ಹಳೇ ಲೆಕ್ಕ ಇಲ್ಲಿ ಕೈಕೊಡುತ್ತದೆ. ಮೊದಲೇ 16 ಜಿಬಿಯ ಎರಡು ತಗೊಳ್ಳಿ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ, ಬಯಾಸ್‌ನಲ್ಲಿ ಎಕ್ಸ್‌ಪೋ (ರ‍್ಯಾಮ್ ಅನ್ನು ಅದರ ಡಬ್ಬದ ಮೇಲಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ಕೆಟ್ಟಿದೆ ಅಂತ ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ, ಅದು ರ‍್ಯಾಮ್‌ಗೆ ಸರಿಯಾದ ಟೈಮಿಂಗ್ ಹುಡುಕುತ್ತಿರುತ್ತದೆ, ಸುಮ್ನೆ ಕಾಯಿರಿ.

ಹಣ ಕೊಡುವ ಮುಂಚೆ ಆ ಬೋರ್ಡಿನ ಮ್ಯಾನ್ಯುಯಲ್ ಅನ್ನು ತಯಾರಕರ ಸೈಟಿನಿಂದ ಇಳಿಸಿಕೊಂಡು ಎಂ.2 ಸ್ಲಾಟುಗಳ ಪುಟ ಒಂದನ್ನಾದರೂ ಓದಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ: ಈ ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಆ ಎರಡು ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ, ಇಲ್ಲವೇ ಗ್ರಾಫಿಕ್ಸ್ ಕಾರ್ಡ್ ಹದಿನಾರು ಲೇನ್‌ನಿಂದ ಎಂಟಕ್ಕೆ ಇಳಿಯುತ್ತದೆ ಅಂತ. ಎಲ್ಲ ಬೋರ್ಡಿನಲ್ಲೂ ಹೀಗಿರುವುದಿಲ್ಲ, ಆದರೆ ಇರುವ ಬೋರ್ಡಿನ ಡಬ್ಬದ ಮೇಲೆ ಅದನ್ನು ದೊಡ್ಡದಾಗಿ ಹಾಕಿರುವುದಿಲ್ಲ, ಅಲ್ವಾ? ನಾಲ್ಕು ಎಂ.2 ಇದೆ ಅಂತ ನಂಬಿ ತಂದವರಿಗೆ ಆಮೇಲೆ ಗೊತ್ತಾಗುತ್ತದೆ.

ನಾನು ಯಾರಿಗೇ ಹೇಳಿದರೂ ಬಿಡಬೇಡಿ ಅನ್ನುವ ಸೌಲಭ್ಯ ಬಯಾಸ್ ಫ್ಲ್ಯಾಶ್‌ಬ್ಯಾಕ್. ಹಿಂದುಗಡೆ ಒಂದು ಪುಟ್ಟ ಬಟನ್ ಇರುತ್ತದೆ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯಾಸ್ ಫೈಲ್ ಹಾಕಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಹೆಸರಿಟ್ಟು, ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಬಟನ್ ಒತ್ತಿದರೆ, ಪ್ರೊಸೆಸರ್ ಕೂರಿಸದೇ ಇದ್ದರೂ ಅಪ್‌ಡೇಟ್ ಆಗುತ್ತದೆ. ಲೈಟ್ ಮಿನುಗುವುದು ನಿಲ್ಲುವವರೆಗೆ ಪವರ್ ತೆಗೆಯಬಾರದು. ಹಳೇ ಬಯಾಸ್ ಇರುವ ಬಿ650ಗೆ 9000 ಸರಣಿಯ ಪ್ರೊಸೆಸರ್ ಹಾಕಿದರೆ ಬೂಟ್ ಆಗುವುದಿಲ್ಲ, ಆಗ ಕಾಪಾಡುವುದು ಇದೇ ಬಟನ್. ಬಯಾಸ್ ಹೊಸದಿರುವುದು ಬೇರೆ ಕಾರಣಕ್ಕೂ ಮುಖ್ಯ. 2023ರಲ್ಲಿ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮುಂತಾದ ಭಾಗಕ್ಕೆ ಹೋಗುವುದು) 1.3 ವೋಲ್ಟ್‌ಗೆ ಮಿತಿಗೊಳಿಸಿದ್ದು ಬಯಾಸ್ ಅಪ್‌ಡೇಟ್ ಮೂಲಕವೇ. ಹಾಗಾಗಿ ಜೋಡಿಸಿದ ಮೊದಲ ದಿನವೇ ಅಪ್‌ಡೇಟ್ ಮಾಡಿಬಿಡಿ.

ಉಳಿದದ್ದು ನಿಮ್ಮ ಬಳಕೆಗೆ ಬಿಟ್ಟದ್ದು. ಅಳತೆಯಲ್ಲಿ ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ಒಂದೇ ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಮೈಕ್ರೋ ಎಟಿಎಕ್ಸ್ ಧಾರಾಳ, ಈಗಿನ ದಪ್ಪ ಕಾರ್ಡುಗಳು ಕೆಳಗಿನ ಸ್ಲಾಟುಗಳನ್ನು ಹೇಗೂ ಮುಚ್ಚಿಬಿಡುತ್ತವೆ. ವೈಫೈ ಬೇಕಾದರೆ ಬೋರ್ಡಿನಲ್ಲೇ ಇರುವುದನ್ನು ತಗೊಳ್ಳಿ. ಕ್ಯಾಬಿನೆಟ್‌ನ ಮುಂಭಾಗದಲ್ಲಿ ಟೈಪ್-ಸಿ ಪೋರ್ಟ್ ಇದ್ದರೆ ಬೋರ್ಡಿನಲ್ಲೂ ಅದಕ್ಕೆ ಹೆಡರ್ (ಕೇಬಲ್ ಚುಚ್ಚುವ ಜಾಗ) ಇದೆಯಾ ನೋಡಿ, ಇಲ್ಲದಿದ್ದರೆ ಆ ಪೋರ್ಟ್ ಬರೀ ಅಲಂಕಾರಕ್ಕೆ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ನಾಲ್ಕು ಪುಟ್ಟ ಡಿಬಗ್ ಲೈಟ್ ಇದ್ದರೆ ಬಹಳ ಒಳ್ಳೆಯದು. ಮೊದಲ ಸಲ ಜೋಡಿಸುವವರಿಗಂತೂ, ಆನ್ ಆಗದಿದ್ದಾಗ ತೊಂದರೆ ಎಲ್ಲಿದೆ ಅಂತ ಅವೇ ತೋರಿಸುತ್ತವೆ. ಆರ್‌ಜಿಬಿ ಲೈಟು ಇಷ್ಟವಾದರೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ, ಅದಕ್ಕೋಸ್ಕರ ಮಾತ್ರ ಫ್ಲ್ಯಾಶ್‌ಬ್ಯಾಕ್ ಬಟನ್ ಬಿಟ್ಟುಕೊಡಬೇಡಿ.